ಜೊತೆಗೆಂದು ಬಂದ ಮುದಿ ಕುದುರೆ

ನಮ್ಮ ಭಾವನವರ ತೋಟದಲ್ಲಿ ಒಂದು ಮುದಿ ಕುದುರೆ ಇದೆ. ಹೆಸರು ಸುಲ್ತಾನ್. ಬೂದು ಬಣ್ಣ, ತಗ್ಗಿದ ಬೆನ್ನು, ಕಣ್ಣುಗಳ ಮೇಲೆ ಬೆರಳು ಇಳಿಯುವಷ್ಟು ಆಳವಾದ ಗುಳಿ. ಅದು ಆ ತೋಟಕ್ಕೆ ಬಂದ ಬಗೆಯನ್ನೂ, ಅದರಿಂದ ನನ್ನ ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆಯನ್ನೂ ಈ ವಾರ ಓದುಗ ಬಾಂಧವರ ಮುಂದೆ ಇಡಬೇಕೆಂದಿದ್ದೇನೆ. ಪ್ರಶ್ನೆ ಇಷ್ಟೇ: ನಮಗೆ ಏನೋ ಒಂದು ಪ್ರಯೋಜನವಿದೆ ಎಂಬ ಕಾರಣಕ್ಕಾಗಿ ನಾವು ತೋರಿದ ದಯೆ ನಿಜವಾಗಿ ದಯೆಯೇ? ಕೇಳುವುದಕ್ಕೆ ಸುಲಭವಾಗಿ ಕಾಣುತ್ತದೆ. ಆದರೆ ಕೆಲವು ವರ್ಷಗಳಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ.

ತೋಟವಿರುವುದು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ. ತೆಂಗು, ಬಾಳೆ, ಒಂದೆರಡು ಎಕರೆ ಹುಲ್ಲು. ಅಲ್ಲಿ ರಾಣಿ ಎಂಬ ಹೆಣ್ಣು ಕುದುರೆಯೊಂದಿತ್ತು. ಎಳೆಯ ವಯಸ್ಸಿನಲ್ಲಿ ರೇಸಿನಲ್ಲಿ ಓಡಿ, ಆಮೇಲೆ ಒಂದು ಸವಾರಿ ಶಾಲೆ ಸೇರಿ, ಆ ಶಾಲೆಯೂ ಮುಚ್ಚಿದಾಗ, ಅಲ್ಲಿ ಸವಾರಿ ಕಲಿಯುತ್ತಿದ್ದ ಭಾವನವರ ಮಗಳ ಕಣ್ಣೀರಿನಿಂದಾಗಿ ತೋಟಕ್ಕೆ ಬಂದದ್ದು. ಮಗಳು ಮದುವೆಯಾಗಿ ಮಂಗಳೂರು ಸೇರಿದಳು. ಕುದುರೆ ಉಳಿಯಿತು. ಮಕ್ಕಳು ಆಸೆಪಟ್ಟು ತಂದದ್ದನ್ನು ತಂದೆತಾಯಂದಿರು ಸಾಕುವುದು ಎಲ್ಲ ಮನೆಗಳ ಕಥೆ. ನಾಯಿಮರಿಯಾದರೆ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ, ಕುದುರೆ ಹಾಗಲ್ಲ ಎಂಬುದಷ್ಟೇ ವ್ಯತ್ಯಾಸ. ರಾಣಿಯ ಜೊತೆಗೆ ಒಂದು ತಟ್ಟು ಕುದುರೆಯೂ ಇತ್ತು. 2020ರ ಮಳೆಗಾಲದಲ್ಲಿ ಅದು ವಯಸ್ಸಾಗಿ ಸತ್ತಿತು.

ಅಂದಿನಿಂದ ರಾಣಿ ಕೆಟ್ಟಿತು. ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದು ನಡೆದು ಹುಲ್ಲಿನಲ್ಲಿ ಒಂದು ಕಾಲುದಾರಿಯೇ ಬಿದ್ದಿತು. ರಸ್ತೆಯಲ್ಲಿ ಯಾವುದೋ ಬಂಡಿಯ ಗೆಜ್ಜೆ ಕೇಳಿದರೆ ಕೆನೆಯುವುದು, ಉತ್ತರ ಬಾರದಿದ್ದರೆ ಗಂಟೆಗಟ್ಟಲೆ ಅದೇ ದಿಕ್ಕನ್ನು ನೋಡುತ್ತ ನಿಲ್ಲುವುದು. ಮೈ ಇಳಿಯಿತು. ಪಶುವೈದ್ಯರು ಬಂದು ನೋಡಿ, ರೋಗವೇನೂ ಇಲ್ಲ, ಒಂಟಿತನ ಎಂದರು. ನನಗೆ ನಗು ಬಂದಿತ್ತು. ಆದರೆ ಅವರು ಬಿಡಿಸಿ ಹೇಳಿದಾಗ ನಗು ನಿಂತಿತು. ಕುದುರೆ ಹಿಂಡಿನ ಪ್ರಾಣಿ. ಬಯಲಿನಲ್ಲಿ ಹುಲಿ ತೋಳಗಳ ಬಾಯಿಗೆ ಬೀಳದೆ ಉಳಿದದ್ದು ಒಂದಕ್ಕೊಂದು ಕಾವಲಾಗಿ ನಿಂತದ್ದರಿಂದ. ಕುದುರೆ ನಿಂತೇ ನಿದ್ರಿಸುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಅದರ ಕಾಲಿನ ಕೀಲುಗಳು ಬೀಗ ಬಿದ್ದ ಹಾಗೆ ನಿಲ್ಲಬಲ್ಲವು. ಆದರೆ ಅದು ಬರೀ ತೂಕಡಿಕೆ. ಗಾಢವಾದ ನಿದ್ದೆಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಅದು ನೆಲಕ್ಕೆ ಒರಗಲೇಬೇಕು. ಒಂದು ಒರಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಕಾಯುವವರಿಲ್ಲ ಎಂದು ತಿಳಿದ ಕುದುರೆ ಎಷ್ಟೋ ಸಲ ಮಲಗುವುದೇ ಇಲ್ಲ. ರಾಣಿ ಮಲಗಿದ್ದನ್ನು ತಿಂಗಳುಗಳಿಂದ ಯಾರೂ ಕಂಡಿರಲಿಲ್ಲ.

ಹೀಗಾಗಿ ಅದಕ್ಕೊಂದು ಜೊತೆ ಹುಡುಕಬೇಕಾಯಿತು. ಎಳೆಯ ಕುದುರೆ ಬೇಡ, ಅದಕ್ಕೆ ಓಟ ಬೇಕು, ಕೆಲಸ ಬೇಕು, ರಾಣಿಯನ್ನು ಕಾಡುತ್ತದೆ. ಶಾಂತವಾದ, ವಯಸ್ಸಾದ ಒಂದು ಕುದುರೆಯಿದ್ದರೆ ನೋಡಿ ಎಂದು ವೈದ್ಯರು ಸಲಹೆಯಿತ್ತರು.

ಆ ದಿನಗಳನ್ನು ಓದುಗರು ಮರೆತಿರಲಾರರು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಯಿತು. ಅರಮನೆ ಮುಚ್ಚಿತು, ಪ್ರವಾಸಿಗರು ನಿಂತರು. ಮೈಸೂರಿನ ಟಾಂಗಾಗಳು ಬದುಕುವುದು ಆ ಪ್ರವಾಸಿಗರಿಂದಲೇ. ನಾವು ಚಿಕ್ಕವರಿದ್ದಾಗ ರೈಲು ನಿಲ್ದಾಣದಿಂದ ಮನೆಗೆ, ಮನೆಯಿಂದ ಸಂತ ಫಿಲೋಮಿನಾ ದೇವಾಲಯಕ್ಕೆ ಟಾಂಗಾದಲ್ಲಿ ಹೋದವರು. ಆಮೇಲೆ ಆಟೋ ಬಂತು, ನಾವೇ ಆಟೋ ಹತ್ತಿದೆವು. ಉಳಿದದ್ದು ಅರಮನೆಯ ಸುತ್ತ ಒಂದು ಸುತ್ತು ಹಾಕಿಸುವ ಸವಾರಿ. ಅದೂ ನಿಂತ ಮೇಲೆ ಕುದುರೆಗೆ ಹುರುಳಿ ಎಲ್ಲಿಂದ ಬರಬೇಕು?

2021ರ ಫೆಬ್ರುವರಿಯಲ್ಲಿ ಒಂದು ಸಂಜೆ ಭಾವನವರ ಜೊತೆ ನಾನೂ ಹೋಗಿದ್ದೆ. ಗಲ್ಲಿಯ ಕೊನೆಯಲ್ಲಿ ತಗಡಿನ ಚಪ್ಪರದ ಕೆಳಗೆ ಸುಲ್ತಾನ್ ನಿಂತಿತ್ತು. ನಾನು ಕುದುರೆ ಬಲ್ಲವನಲ್ಲ, ಆದರೂ ಪಕ್ಕೆಲುಬನ್ನು ಎಣಿಸುವುದಕ್ಕೆ ಬಲ್ಲವನಾಗಬೇಕಿರಲಿಲ್ಲ. ಗೊರಸುಗಳು ಉದ್ದ ಬೆಳೆದು ಮುಂದಕ್ಕೆ ಬಾಗಿದ್ದವು. ಹೆಗಲಿನ ಮೇಲೆ ನೊಗಪಟ್ಟಿ ಉಜ್ಜಿದ ಹಳೆಯ ಗಾಯದ ಬಿಳಿ ಕಲೆ. ನನಗೆ ಸಿಟ್ಟು ನೆತ್ತಿಗೇರಿತು. ಪ್ರಾಣಿಹಿಂಸೆ ತಡೆ ಕಾಯಿದೆ 1960ರಿಂದಲೂ ಇದೆ, ಪ್ರಾಣಿಯನ್ನು ಹಸಿವಿಗೆ ದೂಡುವುದು ಅದರ ಪ್ರಕಾರ ಅಪರಾಧ, ದೂರು ಕೊಡೋಣ ಎಂದು ಭಾವನವರ ಕಿವಿಯಲ್ಲಿ ಹೇಳಿದೆ. ಅವರು, "ಸುಮ್ಮನಿರಪ್ಪ" ಎಂದರು.

ಕುದುರೆಯ ಯಜಮಾನರು ಅರವತ್ತು ದಾಟಿದ ಸಾಹೇಬರು. ನಾವು ಬಂದ ಕಾರಣ ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: "ಹದಿನಾಲ್ಕು ವರ್ಷ ಸ್ವಾಮಿ, ಇವನು ತಿನ್ನೋಕೆ ಮುಂಚೆ ನಾನು ತಿಂದಿಲ್ಲ. ಈಗ ಇಬ್ಬರೂ ತಿಂತಾ ಇಲ್ಲ."

ನನ್ನ ದೂರು ಗಂಟಲಲ್ಲೇ ಉಳಿಯಿತು. ಹಸಿದ ಪ್ರಾಣಿಯ ಹಿಂದೆ ಯಾವಾಗಲೂ ಕ್ರೂರಿಯೊಬ್ಬ ಇರುತ್ತಾನೆ ಎಂದು ನಾನು ತಿಳಿದಿದ್ದೆ. ಇರುತ್ತಾನೆ, ಎಷ್ಟೋ ಕಡೆ. ಆದರೆ ಎಷ್ಟೋ ಕಡೆ ಹಸಿದ ಪ್ರಾಣಿಯ ಹಿಂದೆ ಹಸಿದ ಮನುಷ್ಯನಿರುತ್ತಾನೆ. ಮೋಶೆಯ ಕಟ್ಟಳೆಯಲ್ಲಿ ಒಂದು ಮಾತಿದೆ (ವಿಮೋಚನಾಕಾಂಡ 23:5). ನಿನ್ನನ್ನು ದ್ವೇಷಿಸುವವನ ಕತ್ತೆಯೇ ಆಗಲಿ, ಹೊರೆಯ ಕೆಳಗೆ ಬಿದ್ದದ್ದನ್ನು ಕಂಡರೆ ಹಾಗೆಯೇ ಬಿಟ್ಟುಹೋಗದೆ ಅವನಿಗೆ ನೆರವಾಗು ಎಂಬುದು ಅದರ ತಾತ್ಪರ್ಯ. ಅಷ್ಟು ಹೊರೆಯನ್ನು ಹೇರಿದವನು ಯಾರು ಎಂಬ ವಿಚಾರಣೆಯನ್ನು ದೇವರು ಅಲ್ಲಿ ನಮಗೆ ವಹಿಸಲಿಲ್ಲ. ಕತ್ತೆಯನ್ನು ಎಬ್ಬಿಸುವಾಗ ಅದರ ಒಡೆಯನ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಆ ಕಟ್ಟಳೆಯನ್ನು ಓದುವಾಗ ನನಗೆ ಅದುವರೆಗೂ ಹೊಳೆದಿರಲಿಲ್ಲ.

ಸಾಹೇಬರು ದುಡ್ಡು ತೆಗೆದುಕೊಳ್ಳಲಿಲ್ಲ. ಮಾರುವುದಾಗಿದ್ದರೆ ಬೇರೆಯವರಿಗೆ ಎಂದೋ ಮಾರುತ್ತಿದ್ದೆ ಎಂದರು. ಕೇಳಿದ್ದು ಒಂದೇ: "ಅಲ್ಲಿ ಇವನಿಗೆ ಏನು ಕೆಲಸ?" ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಕೆಲಸ ಇಲ್ಲ ಭಾಯ್. ನಮ್ಮ ಕುದುರೆಗೆ ಜೊತೆ ಬೇಕು, ಅಷ್ಟೆ." ಸಾಹೇಬರು ಕುದುರೆಯ ಕತ್ತು ತಟ್ಟಿ, "ಪಿಂಚಣಿ ಬಂತು ನೋಡು ನಿನಗೆ" ಎಂದರು.

ಹಿಂದಿರುಗುವಾಗ ದಾರಿಯಲ್ಲಿ ನಾನು ಭಾವನವರನ್ನು ಹೊಗಳಲು ಹೊರಟೆ. ಅವರು ತಡೆದರು. "ನೋಡು, ನನ್ನನ್ನು ಸಂತ ಫ್ರಾನ್ಸಿಸ್ ಮಾಡಬೇಡ. ನನಗೆ ಬೇಕಾಗಿದ್ದು ಇವನಲ್ಲ, ರಾಣಿ. ರಾಣಿ ಸರಿಯಾಗಿದ್ದಿದ್ದರೆ ಆ ಗಲ್ಲಿಗೆ ನಾನು ಕಾಲೇ ಇಡ್ತಿರಲಿಲ್ಲ."

ಅವರು ಪ್ರಾಮಾಣಿಕರು. ಆದರೆ ಆ ಪ್ರಾಮಾಣಿಕತೆ ನನಗೆ ಚುಚ್ಚಿತು. ಹಾಗಾದರೆ ಇದು ದಯೆಯಲ್ಲ, ವ್ಯವಹಾರ. ಕುದುರೆಗೆ ಔಷಧಿ ತಂದ ಹಾಗೆ ಇನ್ನೊಂದು ಕುದುರೆ ತಂದದ್ದು. ಬೀದಿಯಲ್ಲಿ ಅದರಷ್ಟೇ ಹಸಿದ ಬೇರೆ ಕುದುರೆಗಳಿದ್ದವು. ಅವು ಸಿಡುಕಿನವೆಂದೋ ಎಳೆಯವೆಂದೋ ನಮ್ಮ ಉಪಯೋಗಕ್ಕೆ ಬಾರದೆ ಅಲ್ಲೇ ಉಳಿದವು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಕೊಡುವವರೇ ಮೊದಲು ಮೊಳ ಹಾಕಿ ನೋಡಿದ್ದರು.

ಮುಂದಿನ ಕೆಲವು ವಾರಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಆಲೋಚನೆ ತಿರುಗಿದ್ದು ಪುಸ್ತಕ ಓದಿ ಅಲ್ಲ, ಆ ವಾರಗಳಲ್ಲಿ ಕಂಡದ್ದರಿಂದ.

ಸುಲ್ತಾನ್ ಬಂದ ದಿನ ಅಕ್ಕ ಒಂದು ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸಿ ಬೆಲ್ಲ ಹಾಕಿ ಇಟ್ಟಿದ್ದಳು. ಪಶುವೈದ್ಯರು ಅದನ್ನು ಕಂಡು ಗಾಬರಿಯಾಗಿ ತೆಗೆಸಿದರು. ತಿಂಗಳುಗಟ್ಟಲೆ ಹಸಿದ ಕುದುರೆಗೆ ಒಮ್ಮೆಲೇ ಕಾಳು, ಬೆಲ್ಲ ತಿನ್ನಿಸಿದರೆ ರಕ್ತದಲ್ಲಿರುವ ಲವಣಗಳ ಸಮತೋಲ ತಪ್ಪಿ, ಹೃದಯ ಕುಸಿದು, ಕೆಲವೇ ದಿನಗಳಲ್ಲಿ ಸಾಯಬಹುದಂತೆ. ಹಸಿವಿನಿಂದ ಸಾಯದೆ ಉಳಿದದ್ದು ನಮ್ಮ ಕನಿಕರದಿಂದ ಸಾಯುತ್ತಿತ್ತು. ಒಳ್ಳೆಯ ಹುಲ್ಲು, ಅದೂ ಹಿಡಿ ಹಿಡಿಯಾಗಿ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಹತ್ತು ದಿನಗಳಲ್ಲಿ ಮೆಲ್ಲಗೆ ಏರಿಸುತ್ತ ಹೋಗಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಹುಲ್ಲು ಹಾಕಿದವರು, ನನಗೆ ಇವನು ಬೇಕಾಗಿಲ್ಲ ಎಂದಿದ್ದ ಭಾವನವರೇ.

ಬಾಯಿ ತೆರೆಸಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಕುದುರೆಯ ಹಲ್ಲು ಆಯುಷ್ಯದ ಬಹುಭಾಗ ಮೇಲೇರುತ್ತಲೇ, ಸವೆಯುತ್ತಲೇ ಇರುತ್ತದೆ. ಸಮವಾಗಿ ಸವೆಯದಿದ್ದರೆ ಅಂಚುಗಳು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಸುಲ್ತಾನ್ ಹುಲ್ಲನ್ನು ಅಗಿದು ಅಗಿದು ಉಂಡೆ ಮಾಡಿ ಉಗುಳುತ್ತಿತ್ತು. ಅಂದರೆ ಸಾಹೇಬರು ತಮ್ಮ ಹೊಟ್ಟೆ ಕಟ್ಟಿ ತಂದ ಹುಲ್ಲಿನ ಎಷ್ಟೋ ಪಾಲು ಅದರ ಹೊಟ್ಟೆಗೆ ಹೋಗಿರಲೇ ಇಲ್ಲ. ವೈದ್ಯರು ಅರದಿಂದ ಹಲ್ಲು ಉಜ್ಜಿ, ವಯಸ್ಸು ಇಪ್ಪತ್ತೆರಡಕ್ಕೆ ಕಡಿಮೆಯಿಲ್ಲ ಎಂದರು. ಕುದುರೆಯ ಆಯುಷ್ಯ ಇಪ್ಪತ್ತೈದು ಮೂವತ್ತು. ಗೊರಸನ್ನು ಒಂದೇ ಸಲ ಕತ್ತರಿಸಲಾಗದೆ ಆರೇಳು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಸರಿಪಡಿಸಬೇಕಾಯಿತು.

ಗ್ಲ್ಯಾಂಡರ್ಸ್ ಎಂಬ ರೋಗವಿದೆ, ಅದು ಕುದುರೆಯಿಂದ ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ವರದಿ ಬರುವವರೆಗೆ, ಒಟ್ಟು ಮೂರು ವಾರ, ಸುಲ್ತಾನನ್ನು ತೋಟದ ಆ ತುದಿಯಲ್ಲಿ ಕಟ್ಟಿದರು. ಈ ತುದಿಯಲ್ಲಿ ರಾಣಿ. ಗಾಳಿಯಲ್ಲಿ ವಾಸನೆ ಹಿಡಿದು ಎರಡೂ ರಾತ್ರಿಯಿಡೀ ಕೆನೆದವು. ವರದಿ ಚೆನ್ನಾಗಿ ಬಂದ ಮೇಲೆ ನಡುವೆ ಒಂದು ಬೇಲಿಯಿಟ್ಟು ಅಕ್ಕಪಕ್ಕ ಬಿಟ್ಟರು. ಮೊದಲ ದಿನ ರಾಣಿ ಕಿರುಚಿ ಕಾಲು ಎತ್ತಿತು. ಮೂರನೆಯ ದಿನ ಬೇಲಿಯ ಮೇಲಿಂದ ಕತ್ತು ಚಾಚಿ ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಮೆಲ್ಲನೆ ಕೆರೆಯುತ್ತ ನಿಂತಿದ್ದವು. ಹಾಗೆ ಕೆರೆಯುವಾಗ ಕುದುರೆಯ ಎದೆಬಡಿತ ನಿಧಾನವಾಗುತ್ತದಂತೆ. ಬೇಲಿ ತೆಗೆದ ಒಂದು ವಾರದ ಮೇಲೆ, ಬೆಳಗಿನ ಪೂಜೆಗೆ ಹೊರಡುತ್ತಿದ್ದಾಗ ಅಕ್ಕನ ಫೋನ್ ಬಂತು. ಧ್ವನಿ ನಡುಗುತ್ತಿತ್ತು. "ರಾಣಿ ಮಲಗಿಬಿಟ್ಟಿದೆ ಕಣೋ." ನಾನು ಏನೋ ಆಯಿತೆಂದು ಹೆದರಿದೆ. "ಇಲ್ಲ ಕಣೋ, ನಿದ್ದೆ ಮಾಡ್ತಿದೆ. ಸುಲ್ತಾನ್ ಪಕ್ಕದಲ್ಲಿ ನಿಂತಿದೆ."

ಈಗ ಪ್ರಶ್ನೆಗೆ ಬರುತ್ತೇನೆ.

ಪ್ರಾಣಿಗಳನ್ನು ಉಪಯೋಗಕ್ಕೆ ಸಾಕುವುದನ್ನು ಪವಿತ್ರ ಗ್ರಂಥ ಖಂಡಿಸುವುದಿಲ್ಲ. ಸಿರಾಖನು (7:22) ನಿನ್ನಲ್ಲಿ ದನಕರುಗಳಿದ್ದರೆ ನೋಡಿಕೋ, ಲಾಭ ತರುವುದಾದರೆ ಇಟ್ಟುಕೋ ಎಂಬ ಅರ್ಥದ ಮಾತನ್ನು ಸಂಕೋಚವಿಲ್ಲದೆ ಹೇಳುತ್ತಾನೆ. ನಾನು ಈ ವಚನವನ್ನು ಮೊದಲು ಓದಿದಾಗ ಇಷ್ಟವಾಗಲಿಲ್ಲ. ಹಸುವಿನ ಹಾಲು ಕುಡಿದು ಬೆಳೆದವನು ಇಷ್ಟಪಡದಿರುವುದಕ್ಕೆ ಕಾರಣವಿಲ್ಲ. ಆದರೆ ಅದೇ ವಚನದಲ್ಲಿ 'ನೋಡಿಕೋ' ಎಂಬ ಮಾತು ಮೊದಲು, 'ಲಾಭ' ಎಂಬುದು ಆಮೇಲೆ. ಜ್ಞಾನೋಕ್ತಿಗಳಲ್ಲಿಯೋ (12:10) ಲಾಭದ ಸೊಲ್ಲೇ ಇಲ್ಲ. ನೀತಿವಂತನಾದವನು ತನ್ನ ಪ್ರಾಣಿಯ ಜೀವದ ಅಗತ್ಯವನ್ನು ಬಲ್ಲ ಎಂಬಷ್ಟೇ ಅದರ ಆಶಯ. ಬಲ್ಲ ಎಂಬುದನ್ನು ಗಮನಿಸಬೇಕು. ಬೆಲ್ಲ ಹಾಕಿದ ಹುರುಳಿಯಲ್ಲಿ ಪ್ರೀತಿಯಿತ್ತು, ಬಲ್ಲವಿಕೆ ಇರಲಿಲ್ಲ.

ಇನ್ನು ಒಬ್ಬರ ಜೊತೆಗೆಂದು ಇನ್ನೊಬ್ಬರನ್ನು ತರುವುದು. ಇದಕ್ಕಿಂತ ಹಳೆಯ ಕಥೆ ಬೈಬಲಿನಲ್ಲಿಲ್ಲ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ಕಂಡ ದೇವರು ಮೊದಲು ಮೃಗಪಕ್ಷಿಗಳನ್ನು ಅವನ ಬಳಿಗೆ ತರುತ್ತಾರೆ. ಅವುಗಳಲ್ಲಿ ತಕ್ಕ ಜೊತೆ ಸಿಗದಿದ್ದಾಗ ಹವ್ವಳನ್ನು ಸೃಷ್ಟಿಸುತ್ತಾರೆ. ಒಬ್ಬನ ಒಂಟಿತನವನ್ನು ನೀಗುವುದಕ್ಕಾಗಿ ಬಂದವಳು ಎಂಬ ಕಾರಣಕ್ಕೆ ಅವಳನ್ನು ಆದಾಮನ ಔಷಧಿ ಎಂದು ಕರೆಯುತ್ತೇವೆಯೇ? ಅವಳು ಬಂದದ್ದು ಅವನಿಗಾಗಿ. ಬಂದ ಮೇಲೆ ಅವಳು ಅವಳೇ. ದೇವರ ಮುಂದೆ ಅವಳಿಗೆ ಅವಳದೇ ನಿಲುವಿದೆ, ದೇವರು ಅವಳೊಡನೆ ಬೇರೆಯಾಗಿಯೇ ಮಾತನಾಡುತ್ತಾರೆ. ಯಾವ ಅಗತ್ಯದಿಂದ ಬಾಗಿಲು ತೆರೆಯಿತು ಎಂಬುದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಎಂದು ಇದರಿಂದ ನನಗೆ ತೋರಿತು. ನಮ್ಮ ಒಳ್ಳೆಯ ಕೆಲಸಗಳಲ್ಲಿ ಅಚ್ಚ ನಿಸ್ವಾರ್ಥವಾದವು ಎಷ್ಟಿವೆ? ಪಾಪನಿವೇದನೆಗೆ ಮೊಣಕಾಲೂರಿದಾಗ ಅದನ್ನು ಲೆಕ್ಕ ಹಾಕಿ ನೋಡಿದವರಿಗೆ ಗೊತ್ತು.

ಹಾಗೆಂದು ಎಲ್ಲವೂ ಸರಿ ಎಂದೇನೂ ಅಲ್ಲ. ಅಗತ್ಯದಿಂದ ತೆರೆದ ಬಾಗಿಲು ಅಗತ್ಯ ತೀರಿದ ಮೇಲೆ ಏನಾಗುತ್ತದೆ?

ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ, ಕ್ರೈಸ್ತನಲ್ಲ, ರೋಮಿನ ಹಿರಿಯ ಕೇಟೋವಿನ ಜೀವನಚರಿತ್ರೆ ಬರೆದಿದ್ದಾನೆ. ಕೇಟೋ ಮಿತವ್ಯಯಕ್ಕೆ ಹೆಸರಾದವನು. ಸ್ಪೇನಿನ ದಂಡಯಾತ್ರೆಯಲ್ಲಿ ತನ್ನನ್ನು ಹೊತ್ತ ಕುದುರೆಯನ್ನು ಹಡಗಿನಲ್ಲಿ ತಂದರೆ ಸರ್ಕಾರಕ್ಕೆ ಖರ್ಚೆಂದು ಅಲ್ಲೇ ಬಿಟ್ಟುಬಂದ. ವಯಸ್ಸಾದ ಗುಲಾಮರನ್ನು ಮನೆಯಲ್ಲಿಟ್ಟು ಅನ್ನ ಹಾಕುವುದು ದಂಡವೆಂದು ಮಾರುತ್ತಿದ್ದ. ಪ್ಲುಟಾರ್ಕನಿಗೆ ಇದು ಸಹ್ಯವಾಗಲಿಲ್ಲ. ತನಗಾಗಿ ದುಡಿದ ಎತ್ತನ್ನೇ ಮುದಿಯಾಯಿತೆಂದು ತಾನು ಮಾರಲಾರೆ, ಇನ್ನು ಮನುಷ್ಯನನ್ನು ಮಾರುವುದೆಲ್ಲಿ ಬಂತು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಕುದುರೆಯನ್ನು ಬಿಟ್ಟವನೂ ಗುಲಾಮನನ್ನು ಮಾರಿದವನೂ ಒಬ್ಬನೇ ಎಂಬುದು ಅವನ ಕಣ್ಣು ತಪ್ಪಲಿಲ್ಲ. ನಮ್ಮ ಸಂತ ತೋಮಾಸ್ ಅಕ್ವಿನಾಸರೂ ಪ್ರಾಣಿಗಳು ಮನುಷ್ಯನ ಉಪಯೋಗಕ್ಕಿವೆ ಎಂದೇ ಕಲಿಸಿದವರು. ಆದರೂ ಪ್ರಾಣಿಗಳ ನೋವಿಗೆ ಕರಗುವ ಅಭ್ಯಾಸವಿದ್ದವನು ಮನುಷ್ಯರ ನೋವಿಗೆ ಬೇಗ ಕರಗುತ್ತಾನೆ ಎಂಬುದನ್ನು ಅವರು ಮರೆಯಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸರು 'ಲೌದಾತೊ ಸೀ' ವಿಶ್ವಪತ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ನಮಗೆ ಉಪಯೋಗವಿರಲಿ ಬಿಡಲಿ, ದೇವರ ಕಣ್ಣಿನಲ್ಲಿ ಪ್ರತಿ ಜೀವಿಗೂ ಅದರದೇ ಬೆಲೆಯಿದೆ ಎಂದರು.

ಪ್ಲುಟಾರ್ಕನು ಎತ್ತಿನಿಂದ ಮನುಷ್ಯನಿಗೆ ಬಂದ ಹಾಗೆ ನಾನೂ ಒಂದು ಮಾತು ಹೇಳುತ್ತೇನೆ, ಹಿರಿಯರನ್ನು ಕುದುರೆಗೆ ಹೋಲಿಸಿದನೆಂದು ಯಾರೂ ಬೇಸರಿಸಬಾರದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಸೊಸೆಯೋ ಮಗಳೋ ಹೆತ್ತಾಗ ಹಳ್ಳಿಯ ಮನೆಗೆ ಬೀಗ ಹಾಕಿಸಿ ವಿಧವೆ ತಾಯಿಯನ್ನು ಬೆಂಗಳೂರಿಗೆ ಕರೆತರುತ್ತಾರೆ. ಮಗುವಿಗೆ ಜೊತೆ ಬೇಕು. ತಪ್ಪಲ್ಲ. ಅಜ್ಜಿಗೂ ಅದೇ ಸಂತೋಷ. ಹತ್ತು ವರ್ಷ ಕಳೆಯುತ್ತದೆ. ಮಗು ಶಾಲೆಯಿಂದ ತಾನೇ ಬಂದು ಬಾಗಿಲು ತೆರೆದುಕೊಳ್ಳುತ್ತದೆ. ಆಗ ಮನೆ ಚಿಕ್ಕದು ಎಂಬುದು ಎಲ್ಲರ ಗಮನಕ್ಕೆ ಬರುತ್ತದೆ. ಅಜ್ಜಿಯನ್ನು ಮೂರು ತಿಂಗಳು ಅಣ್ಣನ ಮನೆಗೆ, ಮೂರು ತಿಂಗಳು ತಮ್ಮನ ಮನೆಗೆ ಹಂಚುತ್ತಾರೆ. ಆಕೆಯನ್ನು ಯಾರೂ ಹೊಡೆದಿಲ್ಲ, ಹಸಿದಿಟ್ಟಿಲ್ಲ. ಆದರೆ ಕರೆತಂದ ದಿನ ಮಗುವನ್ನು ಕಂಡ ಕಣ್ಣು ಹತ್ತು ವರ್ಷಗಳಲ್ಲಿ ಒಮ್ಮೆಯೂ ಅಜ್ಜಿಯತ್ತ ಪೂರ್ತಿಯಾಗಿ ತಿರುಗಲಿಲ್ಲ. ಜಪಸರ ಹಿಡಿದು ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂರುವ ಅಂಥ ಮೂವರು ನನಗೇ ಗೊತ್ತು.

ಕುದುರೆಗೆ ಮಾಡುವ ಖರ್ಚಿನ ಮಾತೂ ಬಂತು. ನಮ್ಮ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೊಬ್ಬರು ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲೇ ಭಾವನವರನ್ನು ಕೇಳಿದರು: "ಆ ಹುಲ್ಲಿನ ದುಡ್ಡಿನಲ್ಲಿ ಎರಡು ಮಕ್ಕಳ ಶಾಲೆಯ ಫೀಸು ಕಟ್ಟಬಹುದಿತ್ತಲ್ಲ?" ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಧರ್ಮಸಭೆ 1992ರಲ್ಲಿ ಹೊರತಂದ ಕ್ಯಾಟೆಕಿಸಂ ಗ್ರಂಥದ 2418ನೆಯ ಪರಿಚ್ಛೇದ ಪ್ರಾಣಿಗಳನ್ನು ವೃಥಾ ನೋಯಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ. ಅದೇ ಉಸಿರಿನಲ್ಲಿ, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ಭಾವ ಉತ್ತರ ಕೊಡಲಿಲ್ಲ. ಅವರ ಬಳಿ ಉತ್ತರವಿರಲಿಲ್ಲ ಎಂದು ನನ್ನ ಊಹೆ. ಮರುವಾರ ಅವರು ಎರಡು ಮೂಟೆ ಅಕ್ಕಿ ತೆಗೆದುಕೊಂಡು ಆ ಗಲ್ಲಿಗೆ ಹೋಗುವಾಗ ಪ್ರಶ್ನೆ ಕೇಳಿದ ಮಹನೀಯರನ್ನೂ ಜೊತೆಗೆ ಕರೆದುಕೊಂಡು ಹೋದರು. ಆ ಒಂದೇ ಗಲ್ಲಿಯಲ್ಲಿ ದುಡಿಮೆ ನಿಂತ ಮನೆಗಳು ಒಂಬತ್ತಿದ್ದವು. ನಮ್ಮ ಸಭೆಯ ಪಟ್ಟಿಯಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. ಇದರಿಂದ ಕುದುರೆಯ ಖರ್ಚು ಸರಿಯೆಂದು ಸಾಬೀತಾಯಿತು ಎಂದು ನಾನು ವಾದಿಸುವುದಿಲ್ಲ. ಫೀಸು ಕಟ್ಟಲಾಗದ ಮಕ್ಕಳು ಈಗಲೂ ಇದ್ದಾರೆ, ಆ ಪ್ರಶ್ನೆ ಭಾವನವರಿಗೂ ನನಗೂ ಹಾಗೆಯೇ ಉಳಿದಿದೆ. ಯೇಸುಸ್ವಾಮಿ ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಸಬ್ಬತ್ ದಿನ ಗುಣಪಡಿಸಿದಾಗ ಆಕ್ಷೇಪಿಸಿದವರಿಗೆ ಅವರ ಕೊಟ್ಟಿಗೆಯನ್ನೇ ತೋರಿಸಿದರಲ್ಲ (ಲೂಕ 13:15), ಎತ್ತನ್ನೋ ಕತ್ತೆಯನ್ನೋ ಬಿಚ್ಚಿ ನೀರಿಗೆ ಒಯ್ಯುವುದು ಅವರೆಲ್ಲರೂ ಮಾಡುತ್ತಿದ್ದ ಕೆಲಸ. ಕೊಟ್ಟಿಗೆಯಲ್ಲಿ ಇಲ್ಲದ ಕರುಣೆಯನ್ನು ಪ್ರಾರ್ಥನಾಮಂದಿರದಲ್ಲಿ ಹುಡುಕುವ ಕಷ್ಟವನ್ನು ಸ್ವಾಮಿ ತೆಗೆದುಕೊಳ್ಳಲಿಲ್ಲ.

ಸಾಹೇಬರು ತಿಂಗಳಿಗೊಮ್ಮೆ ಬಸ್ಸು ಹತ್ತಿ ತೋಟಕ್ಕೆ ಬರುತ್ತಿದ್ದರು. ಗೇಟಿನಲ್ಲಿ ಅವರ ಕೆಮ್ಮು ಕೇಳಿದರೆ ಸಾಕು, ಸುಲ್ತಾನ್ ರಾಣಿಯನ್ನು ಬಿಟ್ಟು ಓಡಿಬರುತ್ತಿತ್ತು. ಜೊತೆಗೆಂದು ತಂದ ನಾವು ಅದಕ್ಕೆ ಹೀಗೂ ಒಂದು ಜೊತೆ ಹಿಂದೆ ಇತ್ತೆಂಬುದನ್ನು ಯೋಚಿಸಿಯೇ ಇರಲಿಲ್ಲ. ಅಲ್ಲಿಂದೀಚೆಗೆ ಭಾವ ಆ ಕುದುರೆಯನ್ನು 'ರಾಣಿಯ ಜೊತೆ' ಎನ್ನುವುದನ್ನು ಬಿಟ್ಟು ಸುಲ್ತಾನ್ ಎನ್ನತೊಡಗಿದರು. ಯಾವ ದಿನದಿಂದ ಎಂದು ಅಕ್ಕನಿಗೂ ನೆನಪಿಲ್ಲ.

2024ರ ಆಗಸ್ಟಿನಲ್ಲಿ ರಾಣಿ ಹೊಟ್ಟೆಶೂಲೆಯಿಂದ ಒಂದೇ ರಾತ್ರಿಯಲ್ಲಿ ಸತ್ತಿತು. ವೈದ್ಯರು ಬೆಳಗಿನವರೆಗೂ ಇದ್ದು ಮಾಡುವುದನ್ನೆಲ್ಲ ಮಾಡಿದರು. ಹೂಳುವವರೆಗೂ ಸುಲ್ತಾನನ್ನು ಅಲ್ಲಿಯೇ ಇರಗೊಟ್ಟರು. ಅದು ಮೂಸಿತು, ಮೂಗಿನಿಂದ ಎರಡು ಸಲ ತಳ್ಳಿತು, ಆಮೇಲೆ ಎಂದಿನ ಹಾಗೆ ಪಕ್ಕದಲ್ಲಿ ಕಾವಲು ನಿಂತಿತು. ಎರಡು ದಿನ ಹುಲ್ಲು ಮುಟ್ಟಲಿಲ್ಲ.

ಸಂತಾಪ ಹೇಳಲು ಬಂದ ನೆರೆಯ ತೋಟದವರು, ಒಳ್ಳೆಯ ಮನುಷ್ಯರೇ, ಹೊರಡುವಾಗ ಅಂದರು: "ಇನ್ನು ಈ ಮುದುಕನನ್ನು ಯಾಕೆ ಇಟ್ಕೋತೀರಿ? ಬಂದ ಕೆಲಸ ಮುಗೀತಲ್ಲ. ಎಲ್ಲಾದರೂ ಕಳಿಸಿಬಿಡಿ." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸತ್ಯ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಲೆಕ್ಕ ಓಡುತ್ತಿತ್ತು. ಭಾವನವರಿಗ ಎಪ್ಪತ್ತೊಂದು, ಅಕ್ಕನಿಗೆ ಮಂಡಿನೋವು. ಕುದುರೆಯ ಕಾಟ ತಪ್ಪುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಭಾವ ಆ ಮಾತಿಗೆ ಏನೂ ಅನ್ನದೆ ಅವರನ್ನು ಗೇಟಿನವರೆಗೆ ಬಿಟ್ಟುಬಂದರು.

ಮೂರು ವಾರ ಕಳೆದು ಒಂದು ಶನಿವಾರ ರಾತ್ರಿ ಫೋನ್ ಮಾಡಿದರು. "ನಾಳೆ ಪೂಜೆ ಮುಗಿಸಿ ನೇರ ಇಲ್ಲಿಗೆ ಬಾ. ನಂಜನಗೂಡಿನ ಹತ್ತಿರ ಒಂದು ಕತ್ತೆ ಇದೆಯಂತೆ, ನೋಡ್ಕೊಂಡು ಬರೋಣ. ಬಟ್ಟೆ ಹೊರೋಕೆ ಇಟ್ಕೊಂಡಿದ್ದರಂತೆ, ಈಗ ಗಾಡಿ ತಗೊಂಡಿದ್ದಾರೆ. ಬೀದಿಗೆ ಬಿಟ್ಟಿದ್ದಾರೆ ಅದನ್ನ."

"ಕತ್ತೆ ಯಾಕೆ ಭಾವ?"

"ಸುಲ್ತಾನ್ ಬೇಲಿ ಸುತ್ತೋಕೆ ಶುರು ಮಾಡಿದಾನೆ. ಮಲಗ್ತಾ ಇಲ್ಲ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇದಕ್ಕೆ ಕೊನೆಯೆಲ್ಲಿ ಎಂದು ಕೇಳಬೇಕೆನಿಸಿತು. ಸುಲ್ತಾನ್ ಸತ್ತರೆ ಕತ್ತೆಗೆ ಜೊತೆ, ಕತ್ತೆಯ ಜೊತೆಗೆ ಇನ್ನೊಂದು. ಅದರ ಬದಲು ಕೇಳಿದ್ದು: "ಅದಕ್ಕೆ ವಯಸ್ಸೆಷ್ಟು?"

"ಹದಿನೈದೋ ಹದಿನಾರೋ. ಚೆನ್ನಾಗಿ ನೋಡ್ಕೊಂಡ್ರೆ ಮೂವತ್ತು ದಾಟುತ್ತಂತೆ. ನನ್ನ ವಯಸ್ಸೂ ಲೆಕ್ಕ ಹಾಕಿದೀನಿ, ನೀನು ಹೇಳೋದು ಬೇಡ. ಮಂಗಳೂರಿಗೆ ಫೋನ್ ಮಾಡಿದ್ದೆ. ಅವಳ ಹೆಸರಿಗೆ ಬರೆದಿಟ್ಟಿದೀನಿ, ಸುಲ್ತಾನನ್ನೂ ಕತ್ತೆಯನ್ನೂ. ಅಳ್ತಾ ಇದ್ದಳು ಪೆದ್ದಿ."

ಭಾನುವಾರ ಹೋಗಿ ಕತ್ತೆಯನ್ನು ಕಂಡೆವು. ಹೆಣ್ಣು ಕತ್ತೆ, ಒಂದು ಕಿವಿಯ ತುದಿ ಹರಿದಿತ್ತು. ಸಾಹೇಬರೂ ಬಂದಿದ್ದರು, ಗೊರಸು ಎತ್ತಿ ನೋಡಿ ಪರವಾಗಿಲ್ಲ ಎಂದು ತಲೆಯಾಡಿಸಿದರು. ಸಂಜೆ ಟೆಂಪೋದಲ್ಲಿ ತಂದೆವು. ಅಕ್ಕ ಈ ಸಲ ಹುರುಳಿ ಬೇಯಿಸಿರಲಿಲ್ಲ, ಹುಲ್ಲನ್ನು ಹಿಡಿ ಹಿಡಿಯಾಗಿ ಕಟ್ಟಿಟ್ಟಿದ್ದಳು. ಕತ್ತೆಯ ಶ್ವಾಸಕೋಶದಲ್ಲಿರುವ ಹುಳು ಕುದುರೆಯ ಶ್ವಾಸಕೋಶಕ್ಕೂ ಹೋಗಬಹುದೆಂದು ವೈದ್ಯರು ಔಷಧಿ ಕುಡಿಸಿ, ಮೂರು ವಾರ ಹತ್ತಿರ ಬಿಡಬೇಡಿ ಎಂದು ಹೇಳಿ ಹೋದರು. ಅದನ್ನು ತೋಟದ ಆ ತುದಿಯಲ್ಲಿ, ಹಿಂದೆ ಸುಲ್ತಾನನ್ನು ಕಟ್ಟಿದ್ದ ಮಾವಿನ ಮರದ ಕೆಳಗೇ ಕಟ್ಟಿದರು. ಕತ್ತಲಾದ ಮೇಲೆ ಅದು ಒಮ್ಮೆ ಅರಚಿತು. ಈ ತುದಿಯಿಂದ ಸುಲ್ತಾನ್ ಕೆನೆಯಿತು.